ಬಾಲ್ಯ ಮತ್ತು ಯುವಜನ ಅಧ್ಯಯನದಲ್ಲಿ ಸ್ನಾತಕೋತ್ತರ ಪದವಿ: ಯಾವ ದಾರಿ ಯಾರಿಗೆ?

ಬಾಲ್ಯ ಮತ್ತು ಯುವಜನ ಅಧ್ಯಯನ ಎಂಬ ಒಂದೇ ಹೆಸರಿನ ಎರಡು ಸ್ನಾತಕೋತ್ತರ ಕೋರ್ಸುಗಳ ಪಠ್ಯಕ್ರಮಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ, ಇವೆರಡೂ ಒಂದೇ ವಿಷಯವನ್ನು ಕಲಿಸುತ್ತವೆಯೇ ಎಂಬ ಅನುಮಾನ ಬರುತ್ತದೆ. ಒಂದರ ಮೊದಲ ಸೆಮಿಸ್ಟರಿನಲ್ಲಿ ಸಂಖ್ಯಾಶಾಸ್ತ್ರ, ಮಿದುಳಿನ ಬೆಳವಣಿಗೆ, ಭಾಷಾ ಕಲಿಕೆ, ಪ್ರಯೋಗ ವಿನ್ಯಾಸ ಎಂಬ ಪತ್ರಿಕೆಗಳಿರುತ್ತವೆ. ಇನ್ನೊಂದರಲ್ಲಿ ಬಾಲ್ಯದ ಇತಿಹಾಸ, ಕುಟುಂಬದ ಸಮಾಜಶಾಸ್ತ್ರ, ಮಾನವಶಾಸ್ತ್ರೀಯ ಕ್ಷೇತ್ರಕಾರ್ಯ, ಮಕ್ಕಳ ಹಕ್ಕುಗಳು ಇರುತ್ತವೆ. ಹೆಸರನ್ನು ನಂಬಿ ಸೇರಿದ ವಿದ್ಯಾರ್ಥಿಗೆ ತಾನು ಓದಬೇಕೆಂದುಕೊಂಡದ್ದು ಇದಲ್ಲ ಎಂದು ಅರಿವಾಗುವಷ್ಟರಲ್ಲಿ ಶುಲ್ಕ ಕಟ್ಟಿ ಮೂರು ತಿಂಗಳಾಗಿರುತ್ತದೆ. ಆದ್ದರಿಂದ ಈ ಬರಹದಲ್ಲಿ ಕೋರ್ಸುಗಳನ್ನು ಹೆಸರಿನಿಂದಲ್ಲ, ಮಗುವಿನ ಬಗ್ಗೆ ಅವು ಯಾವ ಪ್ರಶ್ನೆ ಕೇಳಲು ಕಲಿಸುತ್ತವೆ ಮತ್ತು ಉತ್ತರ ಹುಡುಕಲು ಯಾವ ಸಾಧನವನ್ನು ಕೈಗೆ ಕೊಡುತ್ತವೆ ಎಂಬುದರಿಂದ ಹೋಲಿಸಿದ್ದೇನೆ.

ಒಂದೇ ಮಗು, ಐದು ಪ್ರಶ್ನೆ

ಹನ್ನೊಂದು ವರ್ಷದ ಹುಡುಗಿಯೊಬ್ಬಳು ಮನೆಯಲ್ಲಿ ಎಲ್ಲರೊಡನೆ ಹರಟುತ್ತಾಳೆ, ತರಗತಿಯಲ್ಲಿ ಮಾತ್ರ ತುಟಿ ಬಿಚ್ಚುವುದಿಲ್ಲ ಎಂದಿಟ್ಟುಕೊಳ್ಳೋಣ. ಮಗುವಿನ ಮನಸ್ಸು ವಯಸ್ಸಿನೊಡನೆ ಬೆಳೆಯುವ ಬಗೆಯನ್ನು ಓದುವ ವಿಕಾಸ ಮನೋವಿಜ್ಞಾನದಲ್ಲಿ ತರಬೇತಿ ಪಡೆದವರು ಈ ಮೌನ ಯಾವ ವಯಸ್ಸಿನಲ್ಲಿ ಆರಂಭವಾಯಿತು, ಯಾರ ಎದುರಿನಲ್ಲಿ ಹೆಚ್ಚುತ್ತದೆ ಎಂದು ವಿಚಾರಿಸುತ್ತಾರೆ. ಅವಳ ಭಾಷಾ ಸಾಮರ್ಥ್ಯವನ್ನು ಪ್ರಮಾಣೀಕೃತ ಪರೀಕ್ಷೆಗಳಿಂದ ಅಳೆದು ಅದೇ ವಯಸ್ಸಿನ ಮಕ್ಕಳ ಅಂಕಗಳ ವ್ಯಾಪ್ತಿಯಲ್ಲಿ ಇಟ್ಟು ನೋಡುತ್ತಾರೆ. ಬಾಲ್ಯವನ್ನು ಸಮಾಜ, ಇತಿಹಾಸಗಳ ಕಡೆಯಿಂದ ನೋಡುವ ಬಾಲ್ಯ ಅಧ್ಯಯನದವರ ಗಮನ ಹುಡುಗಿಗಿಂತ ಮೊದಲು ತರಗತಿಯ ಮೇಲೆ ಬೀಳುತ್ತದೆ. ಅಲ್ಲಿ ಯಾವ ಭಾಷೆ ನಡೆಯುತ್ತದೆ, ಪಟಪಟನೆ ಮಾತನಾಡುವ ಮಗುವೇ ಜಾಣ ಮಗು ಎಂಬ ಅಳತೆಗೋಲನ್ನು ಯಾರು ತಂದರು, ಅವಳ ಮೌನ ಸೋಲೋ ಅಥವಾ ಅವಳೇ ಆರಿಸಿಕೊಂಡ ನಡೆಯೋ ಎಂಬುದು ಅವರ ಪ್ರಶ್ನೆ. ಸಮಾಜಕಾರ್ಯದವರು ಮನೆಯ ಬಾಗಿಲು ತಟ್ಟುತ್ತಾರೆ. ಅವಳು ಸುರಕ್ಷಿತವಾಗಿದ್ದಾಳೆಯೇ, ಇಂದಿನಿಂದಲೇ ಏನು ಮಾಡಬಹುದು ಎಂಬುದೇ ಅವರಿಗೆ ಮುಖ್ಯ. ಶಿಕ್ಷಣಶಾಸ್ತ್ರದವರು ಪಾಠದ ವಿನ್ಯಾಸವನ್ನು ಬಿಚ್ಚಿ ನೋಡಿ, ಬಾಯಿ ಬಿಡದೆಯೇ ಉತ್ತರಿಸುವ ಅವಕಾಶ ಅದರಲ್ಲಿ ಎಲ್ಲಿದೆ ಎಂದು ಹುಡುಕುತ್ತಾರೆ. ಮಕ್ಕಳ ಹಕ್ಕುಗಳನ್ನು ಓದಿದವರು, ಅವಳನ್ನು ಬೇರೆ ಶಾಲೆಗೆ ಸೇರಿಸುವ ಮಾತು ಬಂದಾಗ ಅವಳ ಅಭಿಪ್ರಾಯವನ್ನು ಯಾರಾದರೂ ಕೇಳಿದರೇ ಎನ್ನುತ್ತಾರೆ.

ಈ ಐದರಲ್ಲಿ ಯಾವುದೂ ತಪ್ಪು ಪ್ರಶ್ನೆಯಲ್ಲ. ಆದರೆ ಹುಡುಗಿಯ ಸಂಗತಿಯನ್ನು ಓದುತ್ತಿದ್ದಂತೆ ಯಾವುದು ನಿಮ್ಮ ಮನಸ್ಸಿನಲ್ಲಿ ತಾನಾಗಿ ಎದ್ದಿತೋ ಅದನ್ನು ಗುರುತು ಹಾಕಿಕೊಳ್ಳಿ. ಪದವಿಯ ಉದ್ದಕ್ಕೂ ದಿನವೂ ಕೇಳಬೇಕಾದ ಪ್ರಶ್ನೆ ಅದೇ ಆಗಿರುವುದರಿಂದ, ಉದ್ಯೋಗಾವಕಾಶಗಳ ಪಟ್ಟಿಗಿಂತ ಈ ಗುರುತು ಹೆಚ್ಚು ನಂಬಿಕೆಗೆ ಅರ್ಹ ಎಂಬುದು ನನ್ನ ಅಭಿಪ್ರಾಯ.

ಮನೋವಿಜ್ಞಾನವೋ, ಬಾಲ್ಯ ಅಧ್ಯಯನವೋ

ಹೆಚ್ಚಿನ ಗೊಂದಲ ಹುಟ್ಟುವುದು ಇವೆರಡರ ನಡುವೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. 1896ರಲ್ಲೇ ಹುಟ್ಟಿದ ಮನಶ್ಶಾಸ್ತ್ರಜ್ಞರಾದ ಜೀನ್ ಪಿಯಾಜೆ ಮತ್ತು ಲೆವ್ ವೈಗಾಟ್‌ಸ್ಕಿ ಎರಡೂ ಬಗೆಯ ಕೋರ್ಸುಗಳಲ್ಲಿ ಎದುರಾಗುತ್ತಾರೆ. ಆದರೆ ಮಗುವಿನ ಆಲೋಚನೆ ಹಂತಹಂತವಾಗಿ ಬೆಳೆಯುತ್ತದೆ ಎಂಬ ಪಿಯಾಜೆಯ ಸಿದ್ಧಾಂತವು ಮನೋವಿಜ್ಞಾನದಲ್ಲಿ ಅಡಿಪಾಯವಾಗಿ, ಮುಂದೆ ತಿದ್ದುಪಡಿಗೆ ಒಳಗಾದ ಸಿದ್ಧಾಂತವಾಗಿ ಬಂದರೆ, ಬಾಲ್ಯ ಅಧ್ಯಯನದಲ್ಲಿ ವಾದಕ್ಕೆ ಕರೆದ ಎದುರಾಳಿಯಂತೆ ಬರುತ್ತದೆ. ಮಗುವನ್ನು ಇನ್ನೂ ಪೂರ್ತಿಯಾಗದ ವಯಸ್ಕನೆಂದು ನೋಡುವ ಅಭ್ಯಾಸಕ್ಕೆ ಹಂತಗಳ ಕಲ್ಪನೆಯೇ ದಾರಿ ಮಾಡಿತು ಎಂಬುದು 1990ರ ಸುಮಾರಿಗೆ ಗಟ್ಟಿಯಾದ ಬಾಲ್ಯದ ಹೊಸ ಸಮಾಜಶಾಸ್ತ್ರದ ಆಕ್ಷೇಪ. ಮಗು ನಾಳೆಯ ಪ್ರಜೆ ಮಾತ್ರವಲ್ಲ, ಇಂದಿನ ಸಮಾಜದಲ್ಲಿ ತನ್ನದೇ ಪಾತ್ರವಿರುವ ವ್ಯಕ್ತಿ ಎಂಬುದು ಆ ಶಾಖೆಯ ಮೂಲಮಾತು.

ಎರಡೂ ಕಡೆ ಓದಿಸುವ ಒಂದೇ ಪ್ರಯೋಗವನ್ನು ತೆಗೆದುಕೊಂಡರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ತಾಯಿಯೊಡನೆ ಶಿಶುವಿಗಿರುವ ಬಾಂಧವ್ಯವನ್ನು ಅರಿಯಲು ಮನಶ್ಶಾಸ್ತ್ರಜ್ಞೆ ಮೇರಿ ಏನ್ಸ್‌ವರ್ತ್ ರೂಪಿಸಿದ ಅಪರಿಚಿತ ಸನ್ನಿವೇಶದ ಪ್ರಯೋಗದಲ್ಲಿ ಒಂದು ವರ್ಷದ ಆಸುಪಾಸಿನ ಮಗು ಆಟಿಕೆಗಳಿರುವ ಹೊಸ ಕೋಣೆಯಲ್ಲಿ ತಾಯಿಯೊಡನೆ ಇರುತ್ತದೆ; ಅಪರಿಚಿತರೊಬ್ಬರು ಒಳಗೆ ಬರುತ್ತಾರೆ; ತಾಯಿ ಹೊರಗೆ ಹೋಗಿ ಸ್ವಲ್ಪ ಹೊತ್ತಿಗೆ ಮರಳುತ್ತಾಳೆ. ಸುಮಾರು ಮೂರು ಮೂರು ನಿಮಿಷದ ಇಂಥ ತುಣುಕುಗಳು ಸೇರಿ ಇಡೀ ಪ್ರಯೋಗ 20 ನಿಮಿಷದ ಒಳಹೊರಗೆ ಮುಗಿಯುತ್ತದೆ. ತಾಯಿ ಹೋದಾಗ ಮಗು ಅತ್ತಿತೇ ಎಂಬುದಕ್ಕಿಂತ, ಅವಳು ಮರಳಿದಾಗ ಓಡಿ ಬಂದು ಸಮಾಧಾನಗೊಂಡಿತೇ, ಮುಖ ತಿರುಗಿಸಿತೇ, ಎತ್ತಿಕೊಂಡರೂ ಅಳು ನಿಲ್ಲಿಸಲಿಲ್ಲವೇ ಎಂಬುದನ್ನು ವೀಕ್ಷಕರು ದಾಖಲಿಸುತ್ತಾರೆ. ಮನೋವಿಜ್ಞಾನದ ವಿದ್ಯಾರ್ಥಿ ಈ ದಾಖಲಾತಿಯ ಕೌಶಲವನ್ನು ಕಲಿಯುತ್ತಾನೆ: ವಿಡಿಯೊವನ್ನು ಮತ್ತೆ ಮತ್ತೆ ನಿಲ್ಲಿಸಿ ಅಂಕ ಕೊಡುವುದು, ಇಬ್ಬರು ವೀಕ್ಷಕರ ಅಂಕಗಳು ಎಷ್ಟರಮಟ್ಟಿಗೆ ಹೊಂದುತ್ತವೆ ಎಂದು ಲೆಕ್ಕ ಹಾಕುವುದು. 1980ರ ದಶಕದಲ್ಲಿ ಇದೇ ಪ್ರಯೋಗವನ್ನು ಉತ್ತರ ಜರ್ಮನಿಯಲ್ಲಿ ನಡೆಸಿದಾಗ ತಾಯಿಯಿಂದ ಮುಖ ತಿರುಗಿಸುವ ಶಿಶುಗಳೂ, ಜಪಾನಿನಲ್ಲಿ ನಡೆಸಿದಾಗ ಸಮಾಧಾನಗೊಳ್ಳದೆ ಅಳುವ ಶಿಶುಗಳೂ ಹೆಚ್ಚಾಗಿ ಕಂಡುಬಂದವು. ಬಾಲ್ಯ ಅಧ್ಯಯನದ ತರಗತಿಯಲ್ಲಿ ಚರ್ಚೆ ಆರಂಭವಾಗುವುದೇ ಇಲ್ಲಿಂದ. ತಾಯಿಯನ್ನು ಬಿಟ್ಟು ಕ್ಷಣ ಕಾಲವೂ ಇರದ ಶಿಶುವಿಗೆ ಆ ಕೋಣೆ ಎಂಥದ್ದು, ಸ್ವಾವಲಂಬನೆಯನ್ನು ಬೇಗ ಕಲಿಸುವ ಮನೆಯ ಶಿಶುವಿಗೆ ಎಂಥದ್ದು, ಅಳತೆಗೋಲು ಎಲ್ಲರಿಗೂ ಒಂದೇ ಅರ್ಥ ಕೊಡುತ್ತದೆಯೇ ಎಂದು ಅಲ್ಲಿ ಕೇಳುತ್ತಾರೆ.

ಹೀಗಾಗಿ ಅಂಕಿಗಳೊಡನೆ ಕುಳಿತು ಕೆಲಸ ಮಾಡುವುದು ನಿಮಗೆ ಹಿತವೆನಿಸಿದರೆ, ಒಂದು ಮಗುವಿನ ನಡವಳಿಕೆಯನ್ನು ನಿಮಿಷ ನಿಮಿಷವೂ ಗಮನಿಸುವ ತಾಳ್ಮೆಯಿದ್ದರೆ, ಮುಂದೆ ಪಿಎಚ್.ಡಿ. ಅಥವಾ ಮಕ್ಕಳ ಮಾನಸಿಕ ಆರೋಗ್ಯದ ಕಡೆಗೆ ಹೋಗುವ ಯೋಚನೆಯಿದ್ದರೆ ವಿಕಾಸ ಮನೋವಿಜ್ಞಾನವೇ ಸರಿಯಾದ ಆಯ್ಕೆ. ಪದವಿಯಲ್ಲಿ ಮನೋವಿಜ್ಞಾನ ಓದದವರಿಗೆ ಇಲ್ಲಿ ಪ್ರವೇಶವೇ ಕಷ್ಟವಾಗಬಹುದು. ಪ್ರವೇಶ ಸಿಕ್ಕರೂ ಸಂಖ್ಯಾಶಾಸ್ತ್ರದ ಕೊರತೆಯನ್ನು ಮೊದಲ ಸೆಮಿಸ್ಟರಿನಲ್ಲಿಯೇ ತುಂಬಿಕೊಳ್ಳಬೇಕಾಗುತ್ತದೆ. ಬಾಲ್ಯ ಅಧ್ಯಯನವು ಸಾಹಿತ್ಯ, ಇತಿಹಾಸ, ಸಮಾಜಶಾಸ್ತ್ರ, ಪತ್ರಿಕೋದ್ಯಮ ಹೀಗೆ ನಾನಾ ಕಡೆಯಿಂದ ಬಂದವರನ್ನು ಸುಲಭವಾಗಿ ಒಳಗೊಳ್ಳುತ್ತದೆ. ಅದರ ಓದು ವಿಪರೀತ, ಬರವಣಿಗೆ ಅದಕ್ಕಿಂತ ಹೆಚ್ಚು. ಮಧ್ಯಯುಗದ ಯುರೋಪಿನಲ್ಲಿ ಬಾಲ್ಯವೆಂಬ ಪ್ರತ್ಯೇಕ ಕಲ್ಪನೆಯೇ ಇರಲಿಲ್ಲ ಎಂದು ಫ್ರೆಂಚ್ ಇತಿಹಾಸಕಾರ ಫಿಲಿಪ್ ಆರಿಯೇಸ್ 1960ರಲ್ಲಿ ಮಂಡಿಸಿದ ವಾದವನ್ನು ಒಂದು ವಾರ ಓದಿ, ಅದನ್ನು ನಂತರದ ಇತಿಹಾಸಕಾರರು ಹೇಗೆ ಅಲ್ಲಗಳೆದರು ಎಂಬುದನ್ನು ಮರುವಾರ ಓದಿ, ಮೂರನೆಯ ವಾರ ನಿಮ್ಮ ನಿಲುವನ್ನು ಬರೆದುಕೊಡಬೇಕಾಗುತ್ತದೆ. ಸ್ಪಷ್ಟ ಉತ್ತರವಿಲ್ಲದ ಪ್ರಶ್ನೆಯೊಡನೆ ಇಷ್ಟು ದಿನ ಇರುವುದು ಕೆಲವರಿಗೆ ಸಂತೋಷ, ಕೆಲವರಿಗೆ ಹಿಂಸೆ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ಬಾಲ್ಯ ಅಧ್ಯಯನದ ಪದವಿ ಯಾರನ್ನೂ ಮನಶ್ಶಾಸ್ತ್ರಜ್ಞರನ್ನಾಗಿ ಮಾಡುವುದಿಲ್ಲ. ವಿಕಾಸ ಮನೋವಿಜ್ಞಾನದ ಪದವಿಯೂ ಅದೊಂದರಿಂದಲೇ ಚಿಕಿತ್ಸೆ ನೀಡುವ ಅಧಿಕಾರವನ್ನು ಕೊಡುವುದಿಲ್ಲ. ಚಿಕಿತ್ಸಕರಾಗುವುದೇ ಗುರಿಯಾಗಿದ್ದರೆ, ನೀವು ಕೆಲಸ ಮಾಡಬೇಕೆಂದಿರುವ ದೇಶದ ನೋಂದಣಿ ಸಂಸ್ಥೆ ಯಾವ ಪದವಿಗಳನ್ನು ಮಾನ್ಯ ಮಾಡುತ್ತದೆ ಎಂಬುದನ್ನು ಮೊದಲು ನೋಡಿ, ಕೋರ್ಸನ್ನು ಆಮೇಲೆ ಹುಡುಕಿ. ಈ ಕ್ರಮವನ್ನು ತಿರುವುಮುರುವು ಮಾಡಿದವರು ಇನ್ನೊಂದು ಪದವಿಗೆ ಸೇರಬೇಕಾಗುತ್ತದೆ.

ಸಮಾಜಕಾರ್ಯ, ಶಿಕ್ಷಣ, ಹಕ್ಕುಗಳು

ಮಕ್ಕಳ ವಿಶೇಷ ಅಧ್ಯಯನವಿರುವ ಸಮಾಜಕಾರ್ಯದ ಪದವಿ ಉಳಿದವುಗಳಿಂದ ಒಂದು ಮುಖ್ಯ ವಿಷಯದಲ್ಲಿ ಬೇರೆ: ಇಲ್ಲಿ ಕ್ಷೇತ್ರಕಾರ್ಯವೇ ಪಠ್ಯ. ವಾರದ ಕೆಲವು ದಿನ ಮಕ್ಕಳ ಪಾಲನಾ ಸಂಸ್ಥೆಯಲ್ಲೋ ಆಸ್ಪತ್ರೆಯಲ್ಲೋ ನ್ಯಾಯಾಲಯದ ಸುತ್ತಮುತ್ತಲೋ ಕಳೆದು, ಸಂಜೆ ವರದಿ ಬರೆದು, ಮೇಲ್ವಿಚಾರಕರ ಮುಂದೆ ಕುಳಿತು ನಿಮ್ಮ ನಿರ್ಧಾರಕ್ಕೆ ಕಾರಣ ಕೊಡಬೇಕು. ನೋವಿನ ಕತೆ ಕೇಳಿ ಕಣ್ಣು ತುಂಬಿಕೊಳ್ಳುವ ಗುಣವಿದ್ದರೆ ಈ ಕೆಲಸ ಒಪ್ಪುತ್ತದೆ ಎಂದು ಹಲವರು ಭಾವಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಬೇಕಾದದ್ದು, ಆ ಕತೆ ಕೇಳಿದ ಮೇಲೂ ದಿನಾಂಕ, ಸಮಯ, ಯಾರು ಏನು ಹೇಳಿದರು ಎಂಬುದನ್ನು ಒಂದು ಪದವೂ ಆಚೀಚೆಯಾಗದಂತೆ ಬರೆದಿಡುವ ಶಿಸ್ತು. ಮಗುವನ್ನು ಎಲ್ಲಿ ಇರಿಸಬೇಕೆಂಬ ತೀರ್ಮಾನ ಎಷ್ಟೋ ಸಲ ಆ ಬರಹದ ಮೇಲೆಯೇ ನಿಂತಿರುತ್ತದೆ. ಸಂಸ್ಥೆಗಳನ್ನು ಹೋಲಿಸುವಾಗ ಕ್ಷೇತ್ರಕಾರ್ಯದ ಒಟ್ಟು ಗಂಟೆಗಳೆಷ್ಟು ಎಂಬುದರ ಜೊತೆಗೆ, ಒಬ್ಬ ಮೇಲ್ವಿಚಾರಕರ ಕೆಳಗೆ ಎಷ್ಟು ವಿದ್ಯಾರ್ಥಿಗಳಿರುತ್ತಾರೆ ಎಂದೂ ಕೇಳಿ. ಗಂಟೆಗಳು ಹೇರಳವಾಗಿದ್ದು ಮೇಲ್ವಿಚಾರಣೆ ಇಲ್ಲದಿದ್ದರೆ ಅದು ಕಲಿಕೆಯಲ್ಲ, ಸಂಬಳವಿಲ್ಲದ ದುಡಿಮೆ.

ಶಿಶು ಶಿಕ್ಷಣದ ಸ್ನಾತಕೋತ್ತರ ಪದವಿ ಈಗಾಗಲೇ ಮಕ್ಕಳ ನಡುವೆ ಕೆಲಸ ಮಾಡಿದವರಿಗೆ ಹೆಚ್ಚು ಫಲ ಕೊಡುತ್ತದೆ. ಶಿಕ್ಷಕರ ತರಬೇತಿ, ಪಠ್ಯಕ್ರಮ ರಚನೆ, ಶಾಲಾ ಆಡಳಿತ ಎಂಬ ಮೂರು ದಿಕ್ಕುಗಳಲ್ಲಿ ನಿಮ್ಮ ದಿಕ್ಕು ಯಾವುದೆಂದು ತಿಳಿದಿದ್ದರೆ ಆಯ್ಕೆ ತಾನಾಗಿ ಸರಳವಾಗುತ್ತದೆ.

ಮಕ್ಕಳ ಹಕ್ಕುಗಳ ಕೋರ್ಸುಗಳು 1924ರ ಜಿನೀವಾ ಘೋಷಣೆಯಿಂದ ಆರಂಭಿಸಿ, 1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ನಡುಗಂಬವಾಗಿ ಇಟ್ಟುಕೊಳ್ಳುತ್ತವೆ. 54 ವಿಧಿಗಳ ಆ ಒಡಂಬಡಿಕೆಯನ್ನು ಅಮೆರಿಕ ಸಂಯುಕ್ತ ಸಂಸ್ಥಾನವನ್ನು ಬಿಟ್ಟು ವಿಶ್ವಸಂಸ್ಥೆಯ ಉಳಿದೆಲ್ಲ ಸದಸ್ಯ ರಾಷ್ಟ್ರಗಳು ಒಪ್ಪಿ ಅದಕ್ಕೆ ಬದ್ಧವಾಗಿವೆ. ತನ್ನದೇ ಅಭಿಪ್ರಾಯ ರೂಪಿಸಿಕೊಳ್ಳಬಲ್ಲ ಮಗುವಿನ ಮಾತಿಗೆ, ಅದರ ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕ ಬೆಲೆ ಕೊಡಬೇಕೆನ್ನುವ 12ನೇ ವಿಧಿಯ ಸುತ್ತಲೇ ಒಂದಿಡೀ ಸೆಮಿಸ್ಟರ್ ಕಳೆಯಬಹುದು. ಮಕ್ಕಳ ಭಾಗವಹಿಸುವಿಕೆಯನ್ನು ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ ಎಂಟು ಮೆಟ್ಟಿಲಿನ ಏಣಿಯಾಗಿ ಚಿತ್ರಿಸಿದರು. ಅದರ ಕೆಳಗಿನ ಮೂರು ಮೆಟ್ಟಿಲುಗಳು ಭಾಗವಹಿಸುವಿಕೆಯೇ ಅಲ್ಲವೆಂದು ಅವರು ಹೇಳಿದ್ದರು. ಅದರಲ್ಲೊಂದರ ಹೆಸರು ಅಲಂಕಾರ. ವೇದಿಕೆಯ ಮೇಲೆ ತಮಗೆ ಅರ್ಥವಾಗದ ಘೋಷವಾಕ್ಯದ ಅಂಗಿ ತೊಟ್ಟು ನಿಲ್ಲುವ ಮಕ್ಕಳನ್ನು ಕಂಡವರಿಗೆ ಈ ಪದವನ್ನು ವಿವರಿಸಬೇಕಾಗಿಲ್ಲ. ನೀತಿ ನಿರೂಪಣೆ, ಸರ್ಕಾರೇತರ ಸಂಸ್ಥೆಗಳ ಕಾರ್ಯಕ್ರಮ, ಕಾನೂನು ಸಹಾಯ ಇವುಗಳಲ್ಲಿ ಆಸಕ್ತಿಯಿದ್ದವರಿಗೆ ಇದು ಒಳ್ಳೆಯ ದಾರಿ. ಆದರೆ ಕಾನೂನು ಪದವಿಯಿಲ್ಲದೆ ಇದನ್ನು ಓದಿದರೆ ನ್ಯಾಯಾಲಯದಲ್ಲಿ ವಾದಿಸುವ ಅರ್ಹತೆ ದೊರಕುವುದಿಲ್ಲ.

ಯುವಜನರು ಹೆಸರಿನಲ್ಲಿ ಮಾತ್ರವೇ?

ಕೋರ್ಸಿನ ಹೆಸರಿನಲ್ಲಿ ಯುವಜನ ಎಂಬ ಪದವಿದ್ದು, ಒಳಗೆ ನೋಡಿದರೆ ಅವರ ಬಗ್ಗೆ ಒಂದೇ ಒಂದು ಐಚ್ಛಿಕ ಪತ್ರಿಕೆ ಇರುವುದುಂಟು. ಇದಕ್ಕೆ ಭಾಗಶಃ ಕಾರಣ, ಈ ಗುಂಪಿನ ಗಡಿಯೇ ಅಸ್ಥಿರವಾಗಿರುವುದು. ಮಕ್ಕಳ ಹಕ್ಕುಗಳ ಒಡಂಬಡಿಕೆಗೆ 18 ತುಂಬದವರು ಸಾಮಾನ್ಯವಾಗಿ ಮಕ್ಕಳು. ವಿಶ್ವಸಂಸ್ಥೆಯ ಅಂಕಿಅಂಶಗಳಲ್ಲಿ 15ರಿಂದ 24 ವರ್ಷದವರು ಯುವಜನರು. ವಿಶ್ವ ಆರೋಗ್ಯ ಸಂಸ್ಥೆಗೆ 10ರಿಂದ 19 ವರ್ಷದವರು ಹದಿಹರೆಯದವರು. ಆಫ್ರಿಕಾ ಒಕ್ಕೂಟದ ಯುವ ಸನ್ನದಿನಲ್ಲಿ ಈ ಗಡಿ 35ರವರೆಗೆ ಹೋಗುತ್ತದೆ. ಅಂದರೆ 16 ವರ್ಷದ ಒಬ್ಬ ಹುಡುಗ ಒಂದೇ ಹೊತ್ತಿಗೆ ಮಗು, ಹದಿಹರೆಯದವ, ಯುವಕ ಮೂರೂ ಆಗಿರುತ್ತಾನೆ, ಅವನಿಗೆ ಯಾವ ಸೇವೆ ಸಿಗುತ್ತದೆ ಎಂಬುದು ಯಾವ ಕಡತದಲ್ಲಿ ಅವನ ಹೆಸರಿದೆ ಎಂಬುದನ್ನು ಅವಲಂಬಿಸಿರುತ್ತದೆ.

ಯುವಜನ ಅಧ್ಯಯನದ ಬೇರುಗಳೂ ಬೇರೆ. 1964ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಸಮಕಾಲೀನ ಸಂಸ್ಕೃತಿ ಅಧ್ಯಯನ ಕೇಂದ್ರದಲ್ಲಿ ಯುವಕರ ಉಡುಪು, ಸಂಗೀತ, ಗುಂಪುಗಾರಿಕೆಯನ್ನು ವರ್ಗ ಸಂಘರ್ಷದ ಭಾಷೆಯಾಗಿ ಓದಿದರು. ಓದಿನಿಂದ ಉದ್ಯೋಗಕ್ಕೆ, ಹೆತ್ತವರ ಮನೆಯಿಂದ ಸ್ವಂತ ಮನೆಗೆ ದಾಟುವ ಹಾದಿಯನ್ನು ಅಧ್ಯಯನ ಮಾಡುವುದು ಇನ್ನೊಂದು ಪರಂಪರೆ. 2000ದಲ್ಲಿ ಮನಶ್ಶಾಸ್ತ್ರಜ್ಞ ಜೆಫ್ರಿ ಆರ್ನೆಟ್, ಹದಿನೆಂಟರಿಂದ ಇಪ್ಪತ್ತೈದರ ನಡುವಿನದನ್ನು ಪ್ರತ್ಯೇಕ ಜೀವನ ಘಟ್ಟವೆಂದೇ ಕರೆಯಬೇಕೆಂದು ವಾದಿಸಿದರು. ಹದಿನೆಂಟಕ್ಕೇ ದುಡಿಮೆಗೆ ಇಳಿದವರಿಗೆ ಅಂಥ ಘಟ್ಟ ಎಲ್ಲಿದೆ ಎಂದು ಟೀಕಾಕಾರರು ಕೇಳಿದರು. ನಿಮ್ಮ ಕುತೂಹಲ ಉದ್ಯೋಗ, ವಲಸೆ, ರಾಜಕೀಯ, ಡಿಜಿಟಲ್ ಬದುಕು ಇವುಗಳ ಸುತ್ತ ಇದ್ದರೆ, ಕಡ್ಡಾಯ ಪತ್ರಿಕೆಗಳಲ್ಲಿ ಕನಿಷ್ಠ ಎರಡಾದರೂ ಯುವಜನರನ್ನೇ ಕುರಿತು ಇವೆಯೇ ಎಂದು ಎಣಿಸಿ ನೋಡಿ. ಇಲ್ಲದಿದ್ದರೆ ಯುವಜನರ ವಿಶೇಷ ಅಧ್ಯಯನವಿರುವ ಸಮಾಜಶಾಸ್ತ್ರದ ಪದವಿಯೇ ವಾಸಿ.

ಒಂದು ವರ್ಷವೋ ಎರಡೋ, ಮತ್ತು ಪ್ರಬಂಧದ ಪ್ರಶ್ನೆ

ಒಂದು ವರ್ಷದ ಕೋರ್ಸು ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆಯಾಗಬಹುದು. ಎರಡು ವರ್ಷದ್ದು ನಿಧಾನ, ಆಳ ಹೆಚ್ಚು. ಇದು ಎಲ್ಲ ವಿಷಯಗಳಿಗೂ ಅನ್ವಯಿಸುವ ಮಾತು. ಆದರೆ ಮಕ್ಕಳನ್ನು ಕುರಿತ ಓದಿನಲ್ಲಿ ಅವಧಿಯ ಪ್ರಶ್ನೆಗೆ ಬೇರೊಂದು ತೂಕವಿದೆ. ಮಕ್ಕಳೊಡನೆ ನೇರವಾಗಿ ಸಂಶೋಧನೆ ಮಾಡಬೇಕಾದರೆ ವಿಶ್ವವಿದ್ಯಾಲಯದ ನೈತಿಕತಾ ಸಮಿತಿಯ ಅನುಮತಿ ಬೇಕು, ಶಾಲೆ ಅಥವಾ ಸಂಸ್ಥೆಯ ಒಪ್ಪಿಗೆ ಬೇಕು, ಹೆತ್ತವರ ಲಿಖಿತ ಸಮ್ಮತಿ ಬೇಕು, ಅನೇಕ ದೇಶಗಳಲ್ಲಿ ನಿಮ್ಮ ಮೇಲೆ ಅಪರಾಧ ಪ್ರಕರಣಗಳಿಲ್ಲವೆಂಬ ಪ್ರಮಾಣಪತ್ರವೂ ಬೇಕು, ಕಟ್ಟಕಡೆಗೆ ಮಗುವಿನ ಒಪ್ಪಿಗೆ ಬೇಕು.

ಈ ಕೊನೆಯದು ಕಾಗದದ ಮೇಲೆ ಕಂಡಷ್ಟು ಸರಳವಲ್ಲ. ಏಳು ವರ್ಷದ ಮಗುವಿನ ಮುಂದೆ ಹಾಳೆ ಮತ್ತು ಬಣ್ಣದ ಪೆನ್ಸಿಲ್ ಇಟ್ಟು, ನಿನ್ನ ಶಾಲೆಯ ಚಿತ್ರ ಬರೆಯುತ್ತೀಯಾ ಎಂದು ಕೇಳಿದಿರಿ. ಮಗು ಪಕ್ಕದಲ್ಲಿ ಕುಳಿತ ಶಿಕ್ಷಕಿಯ ಮುಖ ನೋಡಿ ಹೂಂ ಎಂದಿತು. ಗೋಡೆ, ಬಾಗಿಲು, ಒಂದು ಮರ ಬರೆದು, ಮರದ ಕೆಳಗೆ ಯಾರನ್ನೋ ಬರೆಯಲು ಹೊರಟು ಪೆನ್ಸಿಲನ್ನು ಮೇಜಿನ ಮೇಲೆ ಇಟ್ಟು ಕಿಟಕಿಯ ಕಡೆ ತಿರುಗಿತು. ಅದು ಸಾಕು ಎಂದೇ? ದಣಿವೇ? ಆ ಚಿತ್ರವನ್ನು ನೀವು ಬಳಸಬಹುದೇ? ಒಳ್ಳೆಯ ಕೋರ್ಸಿನಲ್ಲಿ ಇಂಥ ಕ್ಷಣಕ್ಕೆ ಮೊದಲೇ ತಯಾರಿ ಮಾಡಿಸುತ್ತಾರೆ: ಮಾತಿಲ್ಲದೆ ಒಪ್ಪಿಗೆ ಹಿಂತೆಗೆದುಕೊಳ್ಳುವುದನ್ನು ಗುರುತಿಸುವುದು, ಬೇಡವೆನ್ನಲು ಮಗುವಿಗೆ ಕೆಂಪು ಚೀಟಿಯಂಥ ಸುಲಭ ಸಂಕೇತ ಕೊಡುವುದು, ಒಪ್ಪಿಗೆಯನ್ನು ಪ್ರತಿ ಭೇಟಿಯಲ್ಲಿಯೂ ಹೊಸದಾಗಿ ಕೇಳುವುದು. ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ಇಂಥದ್ದೇನೂ ಇಲ್ಲದೆ ವಯಸ್ಕರ ಸಂದರ್ಶನವನ್ನಷ್ಟೇ ಕಲಿಸುವ ಕೋರ್ಸು, ಅದರ ಹೆಸರಿನಲ್ಲಿ ಮಕ್ಕಳಿದ್ದರೂ, ಮಕ್ಕಳ ಬಗೆಗಿನ ಕೋರ್ಸಲ್ಲ ಎಂದೇ ನಾನು ಎಣಿಸುತ್ತೇನೆ.

ಒಂದು ವರ್ಷದ ಕೋರ್ಸಿನಲ್ಲಿ ಸಂಶೋಧನಾ ಪ್ರಬಂಧಕ್ಕೆ ಸಾಮಾನ್ಯವಾಗಿ ಸಿಗುವುದು ಕೊನೆಯ ಕೆಲವು ತಿಂಗಳು ಮಾತ್ರ. ಮೇಲೆ ಹೇಳಿದ ಅನುಮತಿಗಳ ಸರಣಿಯಲ್ಲಿ ಒಂದು ತಡವಾದರೂ, ಶಾಲೆಗೆ ರಜೆ ಬಂದರೂ, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಮಕ್ಕಳೊಡನೆಯೇ ಕೂತು ಸಂಶೋಧನೆ ಮಾಡಬೇಕೆಂಬ ಹಂಬಲವಿದ್ದವರು ಎರಡು ವರ್ಷದ ಕೋರ್ಸನ್ನು ಆರಿಸುವುದು ಒಳ್ಳೆಯದು. ಸಮಯ ಅಥವಾ ಹಣದ ಕಾರಣಕ್ಕೆ ಒಂದೇ ವರ್ಷ ಸಾಧ್ಯವೆಂದಾದರೆ, ಈಗಾಗಲೇ ಸಂಗ್ರಹವಾಗಿರುವ ಮಾಹಿತಿಯ ಮೇಲೆ ಪ್ರಬಂಧ ಬರೆಯುವುದು ಜಾಣತನ. ಇಥಿಯೋಪಿಯಾ, ಭಾರತ, ಪೆರು, ವಿಯೆಟ್ನಾಂ ಈ ನಾಲ್ಕು ದೇಶಗಳ ಸುಮಾರು 12,000 ಮಕ್ಕಳನ್ನು 2002ರ ಸುಮಾರಿನಿಂದ ಹಿಂಬಾಲಿಸುತ್ತಿರುವ ಯಂಗ್ ಲೈವ್ಸ್ ಅಧ್ಯಯನದ ಮಾಹಿತಿ ಸಂಶೋಧಕರಿಗೆ ಲಭ್ಯವಿದೆ. ಅದನ್ನು ಬಳಸಲು ಸಂಖ್ಯಾಶಾಸ್ತ್ರ ಬೇಕೇ ಬೇಕು. ಬಾಲ್ಯ ಅಧ್ಯಯನವನ್ನು ಆರಿಸಿದರೆ ಲೆಕ್ಕದಿಂದ ತಪ್ಪಿಸಿಕೊಳ್ಳಬಹುದು ಎಂದುಕೊಂಡವರಿಗೆ ಇದು ಸ್ವಲ್ಪ ನಿರಾಶೆಯ ಸುದ್ದಿ.

ಉದ್ಯೋಗದಲ್ಲಿದ್ದುಕೊಂಡು ಅರೆಕಾಲಿಕವಾಗಿ ಅಥವಾ ದೂರಶಿಕ್ಷಣದಲ್ಲಿ ಓದುವುದು ಶಿಕ್ಷಕರಿಗೂ ಕಾರ್ಯಕರ್ತರಿಗೂ ಹೊಂದುತ್ತದೆ. ಅವರ ಕೆಲಸದ ಸ್ಥಳವೇ ಅವರ ಕ್ಷೇತ್ರವಾಗಬಹುದು. ಆದರೆ ತಮ್ಮದೇ ತರಗತಿಯ ಮಕ್ಕಳನ್ನು ಸಂಶೋಧನೆಗೆ ಬಳಸುವಾಗ, ಅಂಕ ಕೊಡುವವರೇ ಒಪ್ಪಿಗೆಯನ್ನೂ ಕೇಳುತ್ತಿದ್ದಾರೆಂಬ ತೊಡಕನ್ನು ನೈತಿಕತಾ ಸಮಿತಿ ಎತ್ತಿಯೇ ಎತ್ತುತ್ತದೆ. ಕೆಲಸದ ಅನುಭವವಿಲ್ಲದೆ ಪದವಿ ಮುಗಿಸಿದ ಕೂಡಲೇ ದೂರಶಿಕ್ಷಣಕ್ಕೆ ಸೇರುವುದನ್ನು ನಾನು ಸಲಹೆ ಮಾಡುವುದಿಲ್ಲ, ಏಕೆಂದರೆ ಈ ವಿಷಯದಲ್ಲಿ ಅರ್ಧ ಕಲಿಕೆ ಸಹಪಾಠಿಗಳೊಡನೆ ನಡೆಯುವ ವಾದದಲ್ಲಿದೆ. ವಿಷಯವೇ ನಿಮಗೆ ಒಗ್ಗುತ್ತದೆಯೋ ಇಲ್ಲವೋ ಎಂಬ ಸಂಶಯವಿದ್ದರೆ ಕೆಲವು ತಿಂಗಳ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ ಸಾಕು. ಅದರ ಕ್ರೆಡಿಟ್‌ಗಳನ್ನು ಮುಂದೆ ಸ್ನಾತಕೋತ್ತರ ಪದವಿಗೆ ಸೇರಿಸಿಕೊಳ್ಳುತ್ತಾರೆಯೇ ಎಂದು ಸೇರುವ ಮೊದಲು ಲಿಖಿತವಾಗಿ ಕೇಳಿಕೊಳ್ಳಿ.

ಇಷ್ಟಾದ ಮೇಲೂ ಎರಡು ಕೋರ್ಸುಗಳು ಸಮನಾಗಿ ಉಳಿದರೆ, ಹಿಂದಿನ ಎರಡು ವರ್ಷಗಳಲ್ಲಿ ವಿದ್ಯಾರ್ಥಿಗಳು ಸಲ್ಲಿಸಿದ ಪ್ರಬಂಧಗಳ ಶೀರ್ಷಿಕೆಗಳನ್ನು ಕಳುಹಿಸುವಂತೆ ಎರಡೂ ವಿಭಾಗಗಳಿಗೆ ಬರೆಯಿರಿ. ಆ ಪಟ್ಟಿಯಲ್ಲಿ ಎಷ್ಟು ಪ್ರಬಂಧಗಳು ಮಕ್ಕಳ ಅಥವಾ ಯುವಜನರ ಮಾತನ್ನೇ ಆಧರಿಸಿವೆ, ಎಷ್ಟು ಅವರ ಬಗ್ಗೆ ಹೆತ್ತವರು, ಶಿಕ್ಷಕರು ಹೇಳಿದ್ದನ್ನು ಆಧರಿಸಿವೆ, ಎಷ್ಟು ಗ್ರಂಥಾಲಯದಲ್ಲಿಯೇ ಮುಗಿದಿವೆ ಎಂದು ಎಣಿಸಿ. ನೀವೂ ಅಲ್ಲಿಗೆ ಸೇರಿದರೆ ಬಹುತೇಕ ಅಂಥದೇ ಒಂದನ್ನು ಬರೆಯುತ್ತೀರಿ. ಪಟ್ಟಿ ಕಳುಹಿಸಲು ಆಗುವುದಿಲ್ಲ ಎಂದು ಒಂದು ವಿಭಾಗ ಉತ್ತರಿಸಿದರೆ, ಹಳೆಯ ವಿದ್ಯಾರ್ಥಿಯೊಬ್ಬರ ಸಂಪರ್ಕವನ್ನಾದರೂ ಕೇಳಿ, ಅವರ ಪ್ರಬಂಧಕ್ಕೆ ಅನುಮತಿ ಸಿಗಲು ಎಷ್ಟು ವಾರ ಹಿಡಿಯಿತು ಎಂಬ ಒಂದೇ ಪ್ರಶ್ನೆಯಿಂದ ಮಾತು ಆರಂಭಿಸಿ.